ಹಗ್ಗದ ಹೊಂಡಕ್ಕೂ ಕೃಷಿ ಹೊಂಡಕ್ಕೂ ಸಂಬಂಧ ಇಲ್ಲ ಕಣ್ರಪ್ಪಾ

ನಾಲ್ಕೈದು ದಿನದಿಂದ ನಮ್ಮ ಸುತ್ತಮುತ್ತಲ ರೈತರ ಗುಂಪುಗಳಲ್ಲಿ ಒಂದು ಮೆಸೇಜು ಓಡಾಡ್ತಿದೆ. ನಿಮಗೂ ಬಂದಿರುತ್ತೆ. ಕುದುರೆ ಮೇಲೆ ಕೂತ ಕೌಬಾಯ್ ಒಬ್ಬ ಹಗ್ಗ ಬೀಸ್ತಿರೋ ಫೋಟೋ. ಕೆಳಗೆ ಕೆಂಪು ಅಕ್ಷರ: ಅಮೆರಿಕದ ದನಗಾಹಿಗಳು ಹಗ್ಗದ ತುದಿಯ ಕಣ್ಣಿಗೆ ‘ಹೊಂಡ’ ಅಂತಾರೆ, ಅದು ನಮ್ಮ ಕನ್ನಡದ ಹೊಂಡವೇ, ಸಾವಿರಾರು ವರ್ಷದ ಹಿಂದೆ ಕನ್ನಡಿಗರು ಅಲ್ಲಿಗೆ ಹೋಗಿ ದನ ಸಾಕೋದು ಕಲಿಸಿದ್ರು, ನಿಜವಾದ ರೈತನ ಮಗ ಆಗಿದ್ರೆ ಹತ್ತು ಜನಕ್ಕೆ ಕಳಿಸಿ.

ನನಗೆ ಒಂಬತ್ತು ಜನ ಕಳಿಸಿದ್ದಾರೆ. ಅದರಲ್ಲಿ ಇಬ್ಬರು ಡಿಗ್ರಿ ಓದಿದವರು.

ಈ ಮೆಸೇಜಿನಲ್ಲಿ ಒಂದೇ ಒಂದು ಮಾತು ನಿಜ. ಅಲ್ಲಿನ ದನಗಾಹಿಗಳು ಹಗ್ಗದ ಕಣ್ಣಿಗೆ ಹೋಂಡಾ ಅನ್ನೋದು ಹೌದು. ಕೆಲವರು ಹೋಂಡೋ ಅಂತಾರೆ, ಕೆಲವರು ಹೋಂಡೂ ಅಂತಾರೆ. ಮಿಕ್ಕಿದ್ದೆಲ್ಲಾ ಗಾಳಿ. ಮಳೆ ಹೋಗಿ ಕೆಲಸ ನಿಂತಿದೆ, ಹೇಗೂ ಕೂತಿದ್ದೀನಿ, ಅದಕ್ಕೆ ಉದ್ದಕ್ಕೇ ಬರೀತೀನಿ.

ಮೊದಲು ಆ ಹಗ್ಗ ಏನು ಅಂತ ನೋಡಿ. ಅದಕ್ಕೆ ಲಾಸೋ ಅಂತಾರೆ. ಉದ್ದದ ಹಗ್ಗದ ಒಂದು ತುದೀಲಿ ಚಿಕ್ಕ ಕಣ್ಣು ಮಾಡಿರ್ತಾರೆ, ನಾಲ್ಕು ಬೆರಳು ತೂರುವಷ್ಟು ಅಂದ್ಕೊಳ್ಳಿ. ಹಗ್ಗದ ಇನ್ನೊಂದು ತುದಿಯನ್ನ ಆ ಕಣ್ಣೊಳಗೆ ತೂರಿಸಿ ಎಳೆದ್ರೆ ದೊಡ್ಡ ಕುಣಿಕೆ ಬರುತ್ತೆ. ಆ ದೊಡ್ಡ ಕುಣಿಕೆಯನ್ನ ತಲೆ ಮೇಲೆ ತಿರುಗಿಸಿ ಓಡೋ ಹೋರಿ ಕೊಂಬಿಗೋ ಕರುವಿನ ಕಾಲಿಗೋ ಎಸೀತಾರೆ. ಬಿದ್ದ ಮೇಲೆ ಎಳೆದ್ರೆ ದೊಡ್ಡದು ಬಿಗಿಯುತ್ತೆ, ಚಿಕ್ಕ ಕಣ್ಣು ಮಾತ್ರ ಹೇಗಿತ್ತೋ ಹಾಗೇ ಇರುತ್ತೆ. ಆ ಬಿಗಿಯದ ಚಿಕ್ಕ ಕಣ್ಣೇ ಹೋಂಡಾ. ಅದೂ ಬಿಗಿದುಕೊಂಡ್ರೆ ಹಗ್ಗ ಜಾರಲ್ಲ, ಕೆಲಸ ಕೆಡುತ್ತೆ. ಹಗ್ಗ ಉಜ್ಜಿ ಉಜ್ಜಿ ಕಣ್ಣು ಸವೀಬಾರದು ಅಂತ ಒಳಗಡೆ ಹಸಿ ಚರ್ಮದ ಪಟ್ಟಿ ಹೊಲೀತಾರೆ. ಲೋಹದ ಕಣ್ಣೂ ಉಂಟು. ಅಭ್ಯಾಸ ಮಾಡೋವಾಗ ಕರುವಿಗೆ ಪೆಟ್ಟಾಗದ ಹಾಗೆ ಎಳೆದ ತಕ್ಷಣ ಬಿಚ್ಚಿಕೊಳ್ಳೋ ಕಣ್ಣನ್ನೂ ಈಗ ಮಾಡಿದ್ದಾರೆ. ಮೂಗುದಾರ ಪೋಣಿಸಿದ ಕೈಗೆ ಇದನ್ನ ಹೆಚ್ಚು ವಿವರಿಸೋದು ಬೇಡ.

ಈಗ ಆ ಸಾವಿರಾರು ವರ್ಷದ ಮಾತಿಗೆ ಬರ್ತೀನಿ. ಸಾವಿರ ವರ್ಷದ ಹಿಂದೆ ಅಮೆರಿಕದಲ್ಲಿ ದನವೇ ಇರಲಿಲ್ಲ. ಕಾಡೆಮ್ಮೆ ಥರದ ಬೈಸನ್ ಇತ್ತು, ಅದನ್ನ ಬೇಟೆ ಆಡ್ತಿದ್ರು, ಯಾರೂ ಕೊಟ್ಟಿಗೇಲಿ ಕಟ್ಟಿ ಹಾಲು ಕರೀತಿರಲಿಲ್ಲ. ಕುದುರೆ ಸಂತತಿ ಅಲ್ಲಿ ಯಾವಾಗಲೋ ಅಳಿದುಹೋಗಿತ್ತು. ಹಸು, ಹೋರಿ, ಕುದುರೆ ಮೂರೂ ಆ ಕಡೆ ಕಾಲಿಟ್ಟಿದ್ದು 1493ರಲ್ಲಿ ಕೊಲಂಬಸ್ ಎರಡನೇ ಸಲ ಹೋದಾಗ, ಹಡಗಿನಲ್ಲಿ. ಆಮೇಲೆ ಸ್ಪೇನಿನವರು ಮೆಕ್ಸಿಕೋ ಹಿಡಿದುಕೊಂಡ ಮೇಲೆ ಅಲ್ಲಿನ ಬಯಲಿನಲ್ಲಿ ದನ ಬೆಳೆದು ಸಾವಿರ, ಲಕ್ಷ ಆದ್ವು. ಅಷ್ಟು ದನಕ್ಕೆ ಬೇಲಿ ಇಲ್ಲ, ದೊಡ್ಡಿ ಇಲ್ಲ. ಕುದುರೆ ಮೇಲೆ ಹೋಗಿ ಹಗ್ಗ ಎಸೆದೇ ಹಿಡೀಬೇಕಿತ್ತು. ದನವೇ ಇಲ್ಲದ ನೆಲಕ್ಕೆ ನಮ್ಮೋರು ಹೋಗಿ ದನ ಕಟ್ಟೋದು ಯಾರಿಗೆ ಕಲಿಸಿದ್ರಪ್ಪಾ? ಮೆಸೇಜು ಬರೆದೋನಿಗೆ ಇಷ್ಟು ಲೆಕ್ಕ ಬೇಡ್ವಾ?

ಆ ಹಗ್ಗ ಎಸೆದೋರು ಯಾರು ಅನ್ನೋದು ಇಲ್ಲಿ ಮುಖ್ಯ. ಸ್ಪ್ಯಾನಿಷಿನಲ್ಲಿ ವಾಕಾ ಅಂದ್ರೆ ಹಸು, ಹಸು ಕಾಯೋನು ವಾಕೇರೋ. ಮೆಕ್ಸಿಕೋದ ಮಿಶ್ರ ಸಂತಾನದ ಬಡವರು, ಅಲ್ಲಿನ ಮೂಲನಿವಾಸಿಗಳು ಈ ಕೆಲಸಕ್ಕೆ ಇದ್ರು. ಕ್ಯಾಲಿಫೋರ್ನಿಯಾದ ಪಾದ್ರಿಗಳ ಮಠದ ದನಗಳನ್ನ ಕಾಯ್ತಿದ್ದೋರೂ ಬಹುಪಾಲು ಮೂಲನಿವಾಸಿ ಗಂಡಸರೇ. ಯಜಮಾನಿಕೆ ಬೇರೆಯೋರದು, ಬೆವರು ಇವರದು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷ್ ಮಾತಾಡೋ ಬಿಳಿಯರು ಟೆಕ್ಸಾಸಿಗೂ ಕ್ಯಾಲಿಫೋರ್ನಿಯಾಕ್ಕೂ ಬಂದಾಗ ಅವರಿಗೆ ಈ ವಿದ್ಯೆ ಗೊತ್ತಿರಲಿಲ್ಲ. ವಾಕೇರೋಗಳ ಹತ್ತಿರ ಕಲಿತ್ರು. ವಿದ್ಯೆ ಜೊತೆ ಮಾತೂ ಬಂತು. ಲಾಸೋ ಸ್ಪ್ಯಾನಿಷಿನ ಲಾಸೋವೇ, ಕುಣಿಕೆ ಅಂತ ಅರ್ಥ. ಲಾರಿಯಟ್ ಅನ್ನೋದು ‘ಲಾ ರಿಯಾಟಾ’, ಅಂದ್ರೆ ಆ ಹಗ್ಗ. ಹಗ್ಗವನ್ನ ಜೀನಿನ ಮುಂದಿನ ಗೂಟಕ್ಕೆ ಸುತ್ತೋದಕ್ಕೆ ಡ್ಯಾಲಿ ಅಂತಾರೆ. ಅದು ‘ದಾಲೇ ವುಯೆಲ್ತಾ’, ಒಂದು ಸುತ್ತು ಕೊಡೋ ಅಂತ ಕೂಗೋದು. ವಾಕೇರೋ ಅನ್ನೋದೇ ಇಂಗ್ಲಿಷರ ಬಾಯಲ್ಲಿ ಬಕರೂ ಆಗಿ ನಿಂತಿದೆ. ಇವುಗಳ ಸಾಲಿನಲ್ಲೇ ಹೋಂಡಾನೂ ಬಂದಿದ್ದು. ಒಂದೇ ಕೆಲಸದ ಇಷ್ಟು ಮಾತು ಒಂದೇ ದಾರೀಲಿ ಬಂದಿರೋವಾಗ, ಮಧ್ಯದಲ್ಲಿ ಒಂದನ್ನ ಮಾತ್ರ ಎತ್ತಿಕೊಂಡು ಇದು ಕನ್ನಡದಿಂದ ಹಾರಿಕೊಂಡು ಬಂತು ಅಂದ್ರೆ ಹೇಗೆ?

ಮೂಲ ಸ್ಪ್ಯಾನಿಷಿನಲ್ಲಿ ಅದರ ಉಚ್ಚಾರ ಏನು ಗೊತ್ತಾ? ಆ ಭಾಷೇಲಿ ಹ ಅಕ್ಷರ ಬರೀತಾರೆ, ಬಾಯಲ್ಲಿ ಅನ್ನಲ್ಲ. ಡ ಕೂಡ ನಮ್ಮ ಡ ಅಲ್ಲ, ದ. ಹಾಗಾಗಿ ವಾಕೇರೋನ ಬಾಯಲ್ಲಿ ಅದು ‘ಒಂದಾ’. ಬರೆದಿದ್ದನ್ನ ಇಂಗ್ಲಿಷರು ತಮ್ಮ ರೀತೀಲಿ ಓದಿದ ಮೇಲೆ ಹೋಂಡಾ ಆಯ್ತು. ಅಂದ್ರೆ ನಮ್ಮ ಹೊಂಡದ ಜೊತೆ ಇರೋ ಹೋಲಿಕೆ ಮೂಲದಲ್ಲಿ ಇಲ್ಲವೇ ಇಲ್ಲ, ಆಮೇಲೆ ಹುಟ್ಟಿದ್ದು. ಈ ಮೆಸೇಜಿನ ಪುಣ್ಯಾತ್ಮ ಯಾರಾದ್ರೂ ಮೆಕ್ಸಿಕೋದವನ ಬಾಯಿಂದ ಕೇಳಿದ್ದಿದ್ರೆ, ಇದು ಕನ್ನಡದ ‘ಒಂದು’ ಅಂತ ಬೇರೆ ಮೆಸೇಜು ಹುಟ್ಟಿರೋದು.

ಅರ್ಥದಲ್ಲಿ ಹೋಲಿಕೆ ಇದೆಯಲ್ಲ ಅಂತ ಒಬ್ಬರು ಕೇಳಿದ್ರು. ಸ್ಪ್ಯಾನಿಷಿನಲ್ಲಿ ಹೊಂದೋ ಅಂದ್ರೆ ಆಳ, ನಮ್ಮಲ್ಲಿ ಹೊಂಡ ಅಂದ್ರೆ ಗುಂಡಿ. ಹೌದು, ಇದನ್ನ ನೋಡಿದ್ರೆ ಯಾರಿಗಾದ್ರೂ ಒಂದು ಕ್ಷಣ ಮೈ ಜುಮ್ಮೆನ್ನುತ್ತೆ. ಆದ್ರೆ ಮಾತಿನ ಸಂಬಂಧ ನೋಡೋದು ಇವತ್ತಿನ ಮುಖ ನೋಡಿ ಅಲ್ಲ, ಅದರ ಅಜ್ಜನ ಮುಖ ನೋಡಿ. ಹೆಣ್ಣು ಗಂಡು ನೋಡೋವಾಗ ವಂಶ ಕೇಳ್ತೀವಲ್ಲ, ಹಾಗೆ.

ನಮ್ಮ ಕನ್ನಡದಲ್ಲೇ ನೋಡಿ. ಹಾಲು ಮೊದಲು ಪಾಲು. ಹುಲಿ ಮೊದಲು ಪುಲಿ. ಹೊಲ ಪೊಲ ಆಗಿತ್ತು. ಹಗ್ಗ ಕೂಡ ಪಗ್ಗ. ಹಳಗನ್ನಡದ ಪ ನಮ್ಮ ಕಾಲಕ್ಕೆ ಹ ಆಗಿದೆ. ಅಲ್ಲೊಂದು ಇಲ್ಲೊಂದು ಅಲ್ಲ, ಸಾಲಾಗಿ ಆಗಿದೆ. ಸ್ಪ್ಯಾನಿಷಿನಲ್ಲೂ ಇಂಥದ್ದೇ ಒಂದು ಸಾಲು ಉಂಟು. ಅವರ ಅಜ್ಜಿ ಲ್ಯಾಟಿನ್. ಲ್ಯಾಟಿನ್ನಿನ ಫ ಅವರಲ್ಲಿ ಹ ಆಗಿದೆ. ಹಿಟ್ಟು ಲ್ಯಾಟಿನ್ನಿನಲ್ಲಿ ಫರೀನಾ, ಸ್ಪ್ಯಾನಿಷಿನಲ್ಲಿ ಹರೀನಾ. ದಾರ ಫೀಲುಂ ಇದ್ದದ್ದು ಹೀಲೋ. ಎಲೆ ಫೋಲಿಯಾ ಇದ್ದದ್ದು ಹೋಹಾ. ಆಳ ಅನ್ನೋ ಹೊಂದೋವನ್ನ ಇದೇ ದಾರೀಲಿ ಹಿಂದಕ್ಕೆ ಒಯ್ದರೆ ‘ಫುಂದುಸ್’ ಸಿಗುತ್ತೆ, ತಳ, ಬುಡ ಅಂತ ಅರ್ಥ. ಇಂಗ್ಲಿಷಿನ ಫೌಂಡೇಶನ್ ಅದರ ಸಂತಾನ. ದುಡ್ಡಿನ ಫಂಡ್ ಕೂಡ ಅದರದ್ದೇ.

ಹಾಗಾಗಿ ಆ ಮಾತಿಗೆ ನಮ್ಮೂರಲ್ಲಿ ನಿಜವಾದ ನೆಂಟ ಯಾರು ಅಂದ್ರೆ ಕೃಷಿ ಹೊಂಡ ಅಲ್ಲ. ಕೃಷಿ ಹೊಂಡಕ್ಕೆ ಬರಬೇಕಾದ ಫಂಡು. ಅದು ಬಂದಾಗ ಹೇಳಿ.

ಹಗ್ಗದ ಕಣ್ಣಿಗೆ ಆ ಹೆಸರು ಬಂದದ್ದು ಹೇಗೆ? ನಿಘಂಟಿನವರು ಹೆಚ್ಚಾಗಿ ಹಿಡಿಯೋದು ‘ಹೊಂದೋನ್’ ಅನ್ನೋ ಮಾತನ್ನ. ಪಾತ್ರೆಯ ಒಳತಳಕ್ಕೆ ಆ ಹೆಸರು ಇದೆ, ಸೂಜಿಯ ಕಣ್ಣಿಗೂ ಇದೆ. ಸೂಜಿ ಕಣ್ಣಲ್ಲಿ ದಾರ ತೂರುತ್ತೆ, ಹಗ್ಗದ ಕಣ್ಣಲ್ಲಿ ಹಗ್ಗ ತೂರುತ್ತೆ. ಅರ್ಥ ಸರಿಯಾಗಿ ಕೂರುತ್ತೆ. ಅದರ ಮೇಲೆ ಇನ್ನೊಂದು ಮಾತಿನ ನೆರಳೂ ಬಿದ್ದಿದೆ ಅಂತಾರೆ. ಸ್ಪ್ಯಾನಿಷಿನಲ್ಲಿ ‘ಹೊಂದಾ’ ಅಂತಲೇ ಒಂದು ಸಾಮಾನಿದೆ: ಕವಣೆ. ಜೋಳ ಹಾಲುಗಾಳು ಕಟ್ಟಿದಾಗ ಅಟ್ಟದ ಮೇಲೆ ನಿಂತು ಹಕ್ಕಿಗೆ ಬೀಸ್ತಿದ್ವಲ್ಲ, ಅದೇ. ಅದರ ಲ್ಯಾಟಿನ್ ಹೆಸರು ಫುಂದಾ. ಕವಣೆಯನ್ನೂ ತಲೆ ಸುತ್ತ ತಿರುಗಿಸ್ತಾರೆ, ಲಾಸೋವನ್ನೂ ತಿರುಗಿಸ್ತಾರೆ. ಹೊಂದೋನ್ ಅನ್ನೋದು ದನಗಾಹಿಗಳ ಬಾಯಲ್ಲಿ ಹೊಂದಾ ಕಡೆ ವಾಲಿರೋದ್ರಲ್ಲಿ ಆಶ್ಚರ್ಯ ಇಲ್ಲ. ಆಡುಮಾತು ಹಾಗೇ. ನೋಡಿ, ಎಷ್ಟು ಚೆಂದದ ಕಥೆ! ಸೂಜಿ ಇದೆ, ಕವಣೆ ಇದೆ, ಬಯಲಿನ ದನ ಇದೆ. ಇದೆಲ್ಲಾ ಬಿಟ್ಟು ಯಾರೋ ಒಬ್ಬ ‘ಕನ್ನಡಿಗರು ಹೋಗಿ ಕಲಿಸಿದ್ರು’ ಅಂತ ಒಂದು ಸಾಲು ಗೀಚಿದ, ನಾವು ಅದನ್ನ ಹೊತ್ತು ಮೆರೆಸ್ತಿದ್ದೀವಿ.

ಬರೀ ಸದ್ದೇ ಸಾಕ್ಷಿ ಆದ್ರೆ ಇನ್ನೊಂದು ಹೋಂಡಾ ಇದೆಯಲ್ಲ, ಅದನ್ನೇನು ಮಾಡ್ತೀರಿ? ಕೆರೆ ಹಿನ್ನೀರಿಗೆ ಇಟ್ಟು ನೀರೆತ್ತೋ ಪಂಪು, ಸಂತೆಗೆ ಹೋಗೋ ಸ್ಕೂಟರು. ಅದು ಜಪಾನಿನ ಮನೆತನದ ಹೆಸರು. 1948ರಲ್ಲಿ ಕಂಪನಿ ಶುರು ಮಾಡಿದವರು ಸೊಯಿಚಿರೋ ಹೋಂಡಾ. ಅದನ್ನ ಬರೆಯೋ ಎರಡು ಅಕ್ಷರಗಳಲ್ಲಿ ಮೊದಲನೇದಕ್ಕೆ ಮೂಲ ಅಂತಲೂ ಎರಡನೇದಕ್ಕೆ ಭತ್ತದ ಗದ್ದೆ ಅಂತಲೂ ಅರ್ಥ. ಚಿತ್ರದುರ್ಗದ ಸಂತೆಹೊಂಡ, ದಾವಣಗೆರೆಯ ಹೊಂಡದ ಸರ್ಕಲ್ಲು, ಮೆಕ್ಸಿಕೋದವನ ಹಗ್ಗದ ಕಣ್ಣು, ಜಪಾನಿನವನ ಗದ್ದೆ. ನಾಲ್ಕನ್ನೂ ಒಂದೇ ಬೇರಿಗೆ ಕಟ್ಟೋ ಧೈರ್ಯ ಇದ್ದೋರು ಮುಂದೆ ಬನ್ನಿ. ಲೋಕದಲ್ಲಿ ಸಾವಿರಾರು ಭಾಷೆ, ಬಾಯಿಗೆ ಬರೋ ಸದ್ದು ಕೆಲವೇ. ಅಲ್ಲಲ್ಲಿ ಡಿಕ್ಕಿ ಹೊಡೆದೇ ಹೊಡೆಯುತ್ತವೆ.

ನಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿ. ಕುಣಿ ಅಂದ್ರೆ ಗುಂಡಿ. ಕುಣಿಯೋದು ಅಂದ್ರೆ ನಾಟ್ಯ. ಕುಣಿಕೆ ಅಂದ್ರೆ ಹಗ್ಗದ ಉರುಳು. ಗುಂಡಿ ಸುತ್ತ ಹಗ್ಗ ಹಿಡಿದು ಕುಣಿದದ್ದರಿಂದ ಮೂರೂ ಒಂದೇ ಮಾತು ಅಂತ ನಾನು ನಾಳೆ ಒಂದು ಫೋಟೋ ಹಾಕಿ ಬಿಟ್ರೆ, ಸಂಜೆ ಹೊತ್ತಿಗೆ ನನಗೇ ವಾಪಸ್ ಬರುತ್ತೆ.

ಸುಳ್ಳಾದ್ರೂ ಏನೀಗ, ಕನ್ನಡದ ಮೇಲಿನ ಅಭಿಮಾನಕ್ಕೆ ಕಳಿಸಿದ್ದು ಅಂತ ಒಬ್ಬರು ಹಿರಿಯರು ಫೋನಲ್ಲಿ ಬೇಜಾರು ಮಾಡ್ಕೊಂಡ್ರು. ಅಣ್ಣಾ, ನಿಮ್ಮ ಮೇಲೆ ಗೌರವ ಇದೆ, ಈ ಮಾತನ್ನ ಮಾತ್ರ ಒಪ್ಪಲ್ಲ. ಎರಡು ಕಾರಣಕ್ಕೆ.

ಒಂದು, ಆ ಮಾತು ಕಟ್ಟಿದೋರು ನಮ್ಮಂಥೋರೇ. ಬೇರೆಯೋರ ದನ ಕಾಯ್ದ ಕೂಲಿ ಜನ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ, ಸಿನಿಮಾದಲ್ಲೂ ಬಿಳಿ ಕೌಬಾಯೇ ಹೀರೋ. ಅವರ ಕೈಯ ಗುರುತು ಉಳಿದಿರೋದು ಇಂಥ ನಾಲ್ಕು ಮಾತಿನಲ್ಲಿ. ಅದನ್ನೂ ಕಿತ್ತುಕೊಂಡು ನಮ್ಮದು ಅಂದ್ರೆ, ಅದಕ್ಕೆ ಅಭಿಮಾನ ಅನ್ನಲ್ಲ. ಬದು ಒತ್ತೋದು ಅಂತಾರೆ. ಪಕ್ಕದ ಹೊಲದೋನು ವರ್ಷಕ್ಕೊಂದು ಸಾಲು ಬದು ಒತ್ತಿದ್ರೆ ನಾವು ಎಷ್ಟು ಕೂಗಾಡ್ತೀವಿ!

ಎರಡು, ಈ ಚಟ ಹಗ್ಗದ ಮಾತಿಗೆ ನಿಲ್ಲಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಇದೇ ಗುಂಪುಗಳಲ್ಲಿ ಎಷ್ಟು ಥರದ ಮದ್ದು ಓಡಾಡಿದ್ವು ನೆನಪಿದೆಯಾ? ಕಳಿಸಿದೋರು ಯಾರೂ ಕೆಟ್ಟವರಲ್ಲ. ಎಲ್ಲರೂ ಅಭಿಮಾನದಿಂದಲೇ ಕಳಿಸಿದ್ದು. ಅದನ್ನ ನಂಬಿ ಪಶು ಡಾಕ್ಟ್ರನ್ನ ಮೂರು ದಿನ ತಡವಾಗಿ ಕರೆದ ಮನೆಗಳು ನಮ್ಮ ಸುತ್ತಲೇ ಇವೆ. ಬೀಜದ ಅಂಗಡೀಲೂ ಇದೇ ಆಟ. ಹೆಸರುವಾಸಿ ತಳಿಯ ಹೆಸರಿಗೆ ಒಂದಕ್ಷರ ಹೆಚ್ಚುಕಮ್ಮಿ ಮಾಡಿ ಪೊಟ್ಟಣ ಮಾರ್ತಾರೆ, ನಾವು ಸದ್ದು ಕೇಳಿ ತರ್ತೀವಿ. ಪೊಟ್ಟಣದ ಹಿಂದುಗಡೆ ಓದೋ ಅಭ್ಯಾಸ, ಮಾತಿನ ಹಿಂದುಗಡೆ ಓದೋ ಅಭ್ಯಾಸ, ಎರಡೂ ಒಂದೇ ಅಂತ ನನ್ನ ವಾದ.

ನಮ್ಮ ಕಡೆಯ ಹಗ್ಗದ ಮಾತು ಹೊರಗೆ ಹೋಗೇ ಇಲ್ಲ ಅಂತಲ್ಲ. ಇಂಗ್ಲಿಷಿನ ಕಾಯರ್ ಇದೆಯಲ್ಲ, ತೆಂಗಿನ ನಾರು, ಅದು ಮಲಯಾಳದ ಕಯರ್, ಹಗ್ಗ ಅಂತ ಅರ್ಥ. ಕೇರಳದ ಕರಾವಳೀಲಿ ಪೋರ್ಚುಗೀಸರು ಹಡಗಿಗೆ ತೆಂಗಿನ ನಾರಿನ ಹಗ್ಗ ಕೊಂಡ್ರು, ಮಾತು ಹಗ್ಗದ ಜೊತೆ ಹಡಗು ಹತ್ತಿತು. ಇಲ್ಲಿ ಕೊಂಡವನು ಗೊತ್ತು, ಮಾರಿದವನು ಗೊತ್ತು, ಸರಕು ಗೊತ್ತು. ಅದೇ ಪೋರ್ಚುಗೀಸರಿಂದ ನಮಗೂ ಚಾವಿ, ಬಾಲ್ದಿ, ಬಟಾಟೆ ಬಂದಿವೆ. ಮಾತು ನಡೆದು ಹೋದ ದಾರೀಲಿ ಹೆಜ್ಜೆ ಇರುತ್ತೆ. ಹೆಜ್ಜೆ ಇಲ್ಲದೆ ಹಾರಿ ಹೋಯ್ತು ಅಂದ್ರೆ ನಂಬಬೇಡಿ. ನಮ್ಮ ದಾವಣಗೆರೆಗೇ ಕುದುರೆ ಕಟ್ಟೋ ದಾವಣಿಯಿಂದ ಹೆಸರು ಬಂತು ಅಂತ ಹೇಳ್ತಾರಲ್ಲ, ಅದನ್ನೂ ಶಾಸನದ ಮುಂದೆ ನಿಲ್ಲಿಸಿಯೇ ಒಪ್ಪಬೇಕು.

ನನಗೆ ನಿಜವಾಗಿ ಸಿಟ್ಟು ಬರೋದು ಎಲ್ಲಿ ಅಂದ್ರೆ, ಹಗ್ಗದ ಕಣ್ಣಿಗೆ ಸಂಬಂಧಿಸಿದ ಮಾತು ನಮ್ಮಲ್ಲೇ ಇತ್ತು, ಅದಕ್ಕೆ ಮಾತ್ರ ಯಾರೂ ಮೆಸೇಜು ಮಾಡಲ್ಲ. ಕಣ್ಣಿ. ಕರುವಿನ ಕಣ್ಣಿ, ಎತ್ತಿನ ಕಣ್ಣಿ. ಕೊಟ್ಟಿಗೇಲಿ ಕಣ್ಣಿ ಬಿಚ್ಚೋದು, ಕಣ್ಣಿ ಹಾಕೋದು. ಇದಕ್ಕೆ ನೆಂಟರು ಯಾರು ನೋಡಿ. ತಮಿಳಿನಲ್ಲಿ ಕಣ್ಣಿ ಅಂದ್ರೆ ಹಕ್ಕಿ ಹಿಡಿಯೋ ಉರುಳು. ನೆಲದಲ್ಲಿ ಹೂತಿಡೋ ಬಾಂಬಿಗೆ ಅವರು ಕಣ್ಣಿವೆಡಿ ಅಂತಾರೆ. ಮಲಯಾಳದಲ್ಲಿ ಕಣ್ಣಿ ಅಂದ್ರೆ ಸರಪಳಿಯ ಒಂದು ಕೊಂಡಿ, ಬಲೆಯ ಒಂದು ತೂತು. ಸದ್ದೂ ಕೂಡುತ್ತೆ, ಅರ್ಥವೂ ಕೂಡುತ್ತೆ, ಅಕ್ಕಪಕ್ಕದ ಊರು, ಒಂದೇ ತಾಯಿಯ ಭಾಷೆಗಳು. ಸಂಬಂಧ ಅಂದ್ರೆ ಹೀಗಿರುತ್ತೆ. ಇದಕ್ಕೆ ಕೆಂಪು ಅಕ್ಷರ ಬೇಡ, ಹತ್ತು ಜನಕ್ಕೆ ಕಳಿಸಿ ಅನ್ನೋದೂ ಬೇಡ.

ನೇಣು ಅನ್ನೋ ಮಾತನ್ನೇ ತಗೊಳ್ಳಿ. ಹಳಗನ್ನಡದಲ್ಲಿ ನೇಣ್ ಅಂದ್ರೆ ಬರೀ ಹಗ್ಗ. ಈಗ ನಮ್ಮ ತಾಲೂಕಿನಲ್ಲಿ ಆ ಮಾತು ಯಾವಾಗ ಕಿವಿಗೆ ಬೀಳುತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಮಾತು ಹೋದ್ರೆ ಏನು ಹೋಗುತ್ತೆ ಅನ್ನೋರಿಗೆ ಒಂದು ಸಂಗತಿ ಹೇಳ್ತೀನಿ. ನಮ್ಮ ಹಿರಿಯರಿಗೆ ಕುಣಿಕೆ ಬೇರೆ, ಜೀರುಗುಣಿಕೆ ಬೇರೆ. ಕುಣಿಕೆ ನಿಂತ ಕಡೆ ನಿಲ್ಲುತ್ತೆ, ಜೀರುಗುಣಿಕೆ ಎಳೆದಷ್ಟೂ ಬಿಗಿಯುತ್ತೆ. ಜೀರು ಅಂದ್ರೆ ಜಾರು, ಹೆಸರಲ್ಲೇ ಎಚ್ಚರಿಕೆ ಇದೆ. ಮೆಕ್ಸಿಕೋದವನ ಲಾಸೋದಲ್ಲೂ ಇವೆರಡೂ ಇವೆ: ಚಿಕ್ಕ ಕಣ್ಣು ಕುಣಿಕೆ, ದೊಡ್ಡದು ಜೀರುಗುಣಿಕೆ. ಅವನು ಎರಡಕ್ಕೂ ಬೇರೆ ಬೇರೆ ಹೆಸರು ಇಟ್ಟುಕೊಂಡಿದ್ದು ಶೋಕಿಗಲ್ಲ. ಮೊನ್ನೆ ಪಕ್ಕದ ಹಟ್ಟೀಲಿ ಏಳು ತಿಂಗಳ ಕರು ರಾತ್ರಿ ಗೂಟದ ಸುತ್ತ ಸುತ್ತಿಕೊಂಡು, ಬೆಳಗ್ಗೆ ನೋಡಿದ್ರೆ ನಾಲಗೆ ಹೊರಗೆ. ಕಟ್ಟಿದ ಹುಡುಗ ಒಳ್ಳೆಯವನೇ, ದನ ಅಂದ್ರೆ ಪ್ರಾಣ. ನೈಲಾನ್ ಹಗ್ಗ, ಕೊರಳಿಗೆ ಜೀರುಗುಣಿಕೆ. ‘ಕುಣಿಕೆ ಹಾಕು’ ಅಂತ ಅವರ ತಾತ ಹೇಳಿದ್ರಂತೆ. ಹುಡುಗನಿಗೆ ಎಲ್ಲಾ ಗಂಟೂ ಕುಣಿಕೆಯೇ. ಆ ಹುಡುಗನ ಫೋನಲ್ಲೂ ಕೌಬಾಯ್ ಫೋಟೋ ಇತ್ತು.

ಕೊರಳಿಗೆ ಹಾಕೋ ಹಗ್ಗವನ್ನ ಮೊದಲು ಗೂಟಕ್ಕೆ ಹಾಕಿ ಜಗ್ಗಿ ನೋಡಿ. ಕಣ್ಣು ಒಂದು ಬೆರಳಷ್ಟು ಚಿಕ್ಕದಾದ್ರೂ ಅದು ಜೀರುಗುಣಿಕೆ, ಬಿಚ್ಚಿ ಬೇರೆ ಗಂಟು ಹಾಕಿ. ನೈಲಾನ್ ಆದ್ರೆ ಗಂಟಿನ ಆಚೆ ಒಂದು ಗೇಣು ತುದಿ ಬಿಡಿ, ಅದು ಒದ್ದೆ ಆದ್ರೆ ತಾನಾಗೇ ಜಾರುತ್ತೆ. ನಾರಿನ ಹಗ್ಗ, ಸೆಣಬಿನ ಹಗ್ಗ ಇಷ್ಟು ಮೋಸ ಮಾಡಲ್ಲ.

ಇನ್ನೊಂದು ಕೆಲಸ ಇದೆ. ಕಣ್ಣಿ, ಮಿಣಿ, ಜತ್ತಿಗೆ, ಮೂಗುದಾರ, ದಾವಣಿ ಇವು ನನ್ನ ಪಟ್ಟೀಲಿ ಇವೆ. ಹಗ್ಗದ ತುದಿಯ ಬಿಗಿಯದ ಕಣ್ಣಿಗೆ, ಜತ್ತಿಗೆಯನ್ನ ನೊಗಕ್ಕೆ ಸಿಕ್ಕಿಸೋ ಗಂಟಿಗೆ ನಿಮ್ಮೂರಲ್ಲಿ ಬೇರೆ ಹೆಸರಿದ್ರೆ ಕೆಳಗೆ ಬರೀರಿ. ಮನೇಲಿ ವಯಸ್ಸಾದೋರನ್ನ ಕೇಳಿ ಬರೀರಿ, ಊರಿನ ಹೆಸರೂ ಹಾಕಿ. ಮೆಸೇಜಿನಲ್ಲಿ ಬಂದದ್ದು ಬೇಡ.